ಹನ್ನೆರಡು ಸರಪಳಿ, ನಾಲ್ಕು ಅಡಿ

ನಮ್ಮ ಚರ್ಚಿನ ಸಭೆಯ ಯುವಕರ ಕೂಟದಲ್ಲಿ ಈ ವರ್ಷ ಇಬ್ಬರಿಗೆ ಭೂಮಾಪಕರ ಲೈಸೆನ್ಸ್ ಸಿಕ್ಕಿತು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರೂ ಮರಳೂರಿನ ನನ್ನ ಮನೆಗೆ ಬಂದು, "ಅಂಕಲ್, ಫೀಲ್ಡಲ್ಲಿ ಹೆಂಗಿರುತ್ತೆ ಅಂತ ಸ್ವಲ್ಪ ಬರ್ದುಕೊಡಿ, ಕೂಟದ ಪತ್ರಿಕೇಲಿ ಹಾಕ್ತೀವಿ" ಅಂದರು. ಹುಡುಗಿ ಇನ್ನೊಂದು ಮಾತು ಸೇರಿಸಿದಳು. "ಕ್ರೈಸ್ತರಾಗಿ ಅಷ್ಟು ವರ್ಷ ಸರ್ಕಾರಿ ಕೆಲಸ ಮಾಡಿದ್ರಲ್ಲ, ನಮಗೆ ಅಂತ ಏನು ಬಿಟ್ಟು ಹೋಗ್ತೀರಿ, ಅದನ್ನೂ ಬರೀರಿ."

ನಾನೇನು ನಾಳೆ ಬೆಳಿಗ್ಗೆ ಹೊರಟವನಲ್ಲಮ್ಮ ಎಂದು ನಕ್ಕು ಕಾಫಿ ಕೊಡಿಸಿ ಕಳಿಸಿದೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ಮೂರು ದಿನ ಯೋಚಿಸಿ ಇದನ್ನು ಬರೆಯಲು ಕುಳಿತಿದ್ದೇನೆ. ಎಷ್ಟು ಬಡ್ತಿ ಬಂತು, ಯಾವಾಗ ಬಂತು ಎಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ. ಅದು ಇಲ್ಲಿ ಬೇಡ.

ನನ್ನಪ್ಪ ತುಮಕೂರಿನ ಆಚೆ ಕಲ್ಲಿನ ಕ್ವಾರಿಯಲ್ಲಿ ದುಡಿದವನು. ಅವ್ವ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇಬ್ಬರಿಗೂ ಓದು ಬರುತ್ತಿರಲಿಲ್ಲ, ಬೈಬಲಿನ ಕೀರ್ತನೆಗಳು ಮಾತ್ರ ಮೊದಲಿಂದ ಕೊನೆಯವರೆಗೆ ಬಾಯಿಗೆ ಬರುತ್ತಿದ್ದವು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಬಿ.ಎಸ್ಸಿ. ಸರ್ಟಿಫಿಕೇಟು ಮನೆಗೆ ತಂದ ದಿನ ಅಪ್ಪ ಅದನ್ನು ಮುಟ್ಟುವ ಮೊದಲು ಬಚ್ಚಲಿಗೆ ಹೋಗಿ ಕೈ ತೊಳೆದು ಪಂಚೆಗೆ ಒರೆಸಿಕೊಂಡು ಬಂದ. ಎರಡು ಕೈಯಲ್ಲೂ ಹಿಡಿದು, "ಯಾವ ಕಡೆ ಮ್ಯಾಲೆ ಕಣ್ಲಾ ಇದು?" ಎಂದು ಕೇಳಿದ. ನಾನು ತೋರಿಸಿದೆ. ಹಾಗೇ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದ.

ಸರ್ವೆ ಇಲಾಖೆಗೆ ಸೇರಿದೆ. ಮೊದಲ ಪೋಸ್ಟಿಂಗ್ ಕುಣಿಗಲ್ ಕಡೆ. ಅಲ್ಲಿ ನನಗೆ ಕೆಲಸ ಕಲಿಸಿದವರು ಸೂಪರ್‌ವೈಸರ್ ಶ್ರೀಕಂಠಯ್ಯನವರು. ಬಿಳೀ ಪಂಚೆ, ಕರೀ ಕೋಟು, ಜೇಬಿನಲ್ಲಿ ಸದಾ ಒಂದು ಕೊಬ್ಬರಿ ಚೂರು. ನೇರವಾಗಿ ಬೈಯುತ್ತಿರಲಿಲ್ಲ. ಬೈಯಬೇಕಾದಾಗ ಕೊಬ್ಬರಿ ಬಾಯಿಗೆ ಹಾಕಿಕೊಂಡು ಅಗಿಯುತ್ತ ನಮ್ಮನ್ನೇ ನೋಡುತ್ತಿದ್ದರು. ಅಗಿದು ಮುಗಿಯುವಷ್ಟರಲ್ಲಿ ನಮಗೆ ಬೆವರು ಇಳಿಯುತ್ತಿತ್ತು.

ಅಲ್ಲಿ ನಾನು ಮಾಡಿದ ಮೊದಲ ಎಡವಟ್ಟು ಇದು. ಆಗ ಗೆರೆ ನೇರ ಹಿಡಿಯಲು ದೂರದಲ್ಲಿ ಕೋಲು ನೆಟ್ಟು ಅದಕ್ಕೊಂದು ಬಿಳೀ ಬಾವುಟ ಕಟ್ಟುತ್ತಿದ್ದೆವು. ಆ ಬಾವುಟ ನೋಡಿಕೊಂಡು ಈ ಕಡೆಯಿಂದ ಅಳೆಯುತ್ತ ಹೋಗಬೇಕು. ಕೆರೆಯ ಹಿಂದಿನ ಗದ್ದೆ ಬಯಲು. ನಾನು ಬಾವುಟಕ್ಕೆ ಕಣ್ಣಿಟ್ಟು ಸರಪಳಿ ಎಳೆಸುತ್ತ ಆರು ಗೂಟ ಹೊಡೆಸಿದ್ದೆ. ಏಳನೆಯದಕ್ಕೆ ತಲೆ ಎತ್ತಿದರೆ ಬಾವುಟ ರೆಕ್ಕೆ ಬಿಚ್ಚಿ ಹಾರಿ ಹೋಯಿತು. ಅದು ಕೊಕ್ಕರೆ. ನಿಜವಾದ ಬಾವುಟ ಇನ್ನೂರು ಅಡಿ ಎಡಕ್ಕೆ ಇತ್ತು. ಶ್ರೀಕಂಠಯ್ಯನವರು ಕೊಬ್ಬರಿ ಅಗಿದು ಮುಗಿಸಿ, "ಸ್ವಾಮಿ ದೇವದಾನಪ್ಪನವರೇ, ಅದು ವಾಪಸ್ ಬಂದು ಕೂರೋವರೆಗೂ ಕಾಯ್ತೀರಾ ಹೆಂಗೆ?" ಎಂದರು. ಕುಣಿಗಲ್ ಕಚೇರಿಯಲ್ಲಿ ಬಹಳ ದಿನ ನನ್ನ ಹೆಸರು ಕೊಕ್ಕರೆ ದೇವದಾನಪ್ಪ ಎಂದೇ ಇತ್ತು.

ಈಗಿನವರಿಗೆ ಸರಪಳಿ ಎಂದರೆ ಗೊತ್ತಿರಲಿಕ್ಕಿಲ್ಲ. ಕಬ್ಬಿಣದ ಕೊಂಡಿಗಳನ್ನು ಉಂಗುರಗಳಿಂದ ಜೋಡಿಸಿದ್ದು, ಎರಡು ತುದಿಗೆ ಹಿತ್ತಾಳೆ ಹಿಡಿ. ಉದ್ದ ಮೂವತ್ತಮೂರು ಅಡಿ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಬೆಳಗಿನ ಇಬ್ಬನಿಯಲ್ಲಿ ಅದನ್ನು ಬೀಸಿ ಎಸೆದಾಗ ಬರುತ್ತಿದ್ದ ಝಲ್ ಎಂಬ ಸದ್ದು ನನಗೆ ಇವತ್ತಿಗೂ ಕೆಲವು ಸಲ ಎಚ್ಚರವಾಗುವ ಹೊತ್ತಿಗೆ ಕೇಳಿಸುತ್ತದೆ. ಎಳೆದೂ ಎಳೆದೂ ಅದರ ಉಂಗುರಗಳು ಸವೆಯುತ್ತವೆ, ಸರಪಳಿ ಉದ್ದವಾಗುತ್ತದೆ. ಅದಕ್ಕೇ ಕಚೇರಿ ಜಗಲಿಯ ಮೇಲೆ ಮೂವತ್ತಮೂರು ಅಡಿಗೆ ಸರಿಯಾಗಿ ಎರಡು ಹಿತ್ತಾಳೆ ಮೊಳೆ ಹೊಡೆದಿರುತ್ತಿದ್ದರು. ಹೊಲಕ್ಕೆ ಹೊರಡುವ ಮೊದಲು ಸರಪಳಿಯನ್ನು ಆ ಮೊಳೆಗಳಿಗೆ ಹಿಡಿದು ನೋಡಿಯೇ ಹೋಗಬೇಕು. ಶ್ರೀಕಂಠಯ್ಯನವರು ಮೊದಲ ದಿನ ಕಲಿಸಿದ ಪಾಠವೇ ಅದು.

ಊಟದ ವಿಷಯವನ್ನೂ ಹೇಳಬೇಕು. ಗಡಿ ತಕರಾರಿಗೆ ಹೋದಾಗ ಒಬ್ಬರ ಮನೆಯಲ್ಲಿ ಕಾಫಿ ಕುಡಿದರೆ ಇನ್ನೊಬ್ಬರ ಕಣ್ಣಿಗೆ ನಾವು ಆಗಲೇ ಮಾರಿಕೊಂಡವರು. ನಾನು ಡಬ್ಬಿಯಲ್ಲಿ ಮುದ್ದೆ, ಸೀಸೆಯಲ್ಲಿ ನೀರು ಕಟ್ಟಿಕೊಂಡು ಹೋಗುತ್ತಿದ್ದೆ. ಬದುವಿನ ಮೇಲೆ ಕುಳಿತು ನಾನು, ಸರಪಳಿ ಹಿಡಿಯುವ ಕೆಂಪಯ್ಯ, ಇಬ್ಬರೂ ಉಣ್ಣುತ್ತಿದ್ದೆವು. ಸತ್ಯ ಹೇಳುವುದಾದರೆ ಸೀಸೆ ಹೊತ್ತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆಲವು ಮನೆಗಳಲ್ಲಿ ನನ್ನ ಜಾತಿ ಕೇಳಿ, ಆಮೇಲೆ ಯಾವ ಲೋಟದಲ್ಲಿ ನೀರು ಕೊಡಬೇಕೆಂದು ಒಳಗೆ ಗುಸುಗುಸು ನಡೆಯುತ್ತಿತ್ತು. ಆ ಗುಸುಗುಸು ನನ್ನ ಕಿವಿಗೆ ಬೀಳದಿರಲಿ ಎಂದು ನಾನೇ ಮಾಡಿಕೊಂಡ ವ್ಯವಸ್ಥೆ ಅದು. ಏನೇ ಇರಲಿ, ವರ್ಷಗಳು ಕಳೆದಂತೆ, ಗುಬ್ಬಿ ತಾಲ್ಲೂಕಿಗೆ ವರ್ಗವಾದ ಮೇಲೆ, ಅಲ್ಲಿ ನನಗೊಂದು ಹೆಸರು ಬಂತು. ದೇವದಾನಪ್ಪ ಒಂದು ಲೋಟ ಕಾಫಿಯನ್ನೂ ಮುಟ್ಟುವವನಲ್ಲ. ಅವನು ಕಲ್ಲು ನೆಟ್ಟರೆ ನೆಟ್ಟ ಹಾಗೆ.

ಆ ಹೆಸರು ನನಗೆ ಬಹಳ ಹಿತವಾಗಿತ್ತು. ಮುಂದಿನ ಕಥೆ ಅದರಿಂದಲೇ ಹುಟ್ಟಿತು.

ಆಗ ಗುಬ್ಬಿ ಕಡೆ ಕೆಲಸ ಮಾಡುತ್ತಿದ್ದೆ. ಶ್ರೀಕಂಠಯ್ಯನವರೂ ಅಲ್ಲಿಗೇ ವರ್ಗವಾಗಿ ಬಂದಿದ್ದರು. ಸಿ.ಎಸ್. ಪುರ ಹೋಬಳಿಯ ಒಂದು ಹಳ್ಳಿಯಿಂದ ಅರ್ಜಿ ಬಂತು. ಹಳ್ಳಿಯ ಹೆಸರು ಬೇಡ, ಜನರ ಹೆಸರನ್ನೂ ಬದಲಿಸಿದ್ದೇನೆ. ಬೋರೇಗೌಡ ಎಂಬುವರ ಹೊಲಕ್ಕೂ ನಂಜಮ್ಮ ಎಂಬ ವಿಧವೆಯ ತೋಟಕ್ಕೂ ನಡುವೆ ಇದ್ದ ಗಡಿಕಲ್ಲು ಕಾಣೆಯಾಗಿತ್ತು. ಅಳೆದು ಹೊಸ ಕಲ್ಲು ನೆಡಬೇಕು. ಆ ಗಡಿಯ ಉದ್ದಕ್ಕೂ ನಂಜಮ್ಮನ ಕಡೆ ಏಳು ತೆಂಗಿನ ಮರಗಳ ಸಾಲು. ಅವಳೂ ಗಂಡನೂ ಸೇರಿ ಸಸಿ ಇಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು.

ಹೊರಡುವ ಹಿಂದಿನ ಸಂಜೆ ಸರಪಳಿಯ ಒಂದು ಕೊಂಡಿ ತುಂಡಾಯಿತು. ಕುಲುಮೆಗೆ ಕೊಟ್ಟು ಹೊಸ ಕೊಂಡಿ ಹಾಕಿಸಿದೆ. ಅಳತೆ ಬಾಯಲ್ಲಿ ಹೇಳಿದವನು ನಾನು, ಕುಲುಮೆಯವನ ತಪ್ಪು ಏನೂ ಇಲ್ಲ. ಮರುದಿನ ಶನಿವಾರ. ಆ ಸಂಜೆ ತುಮಕೂರಿನಲ್ಲಿ ನಮ್ಮ ಸಭೆಯ ಕೂಟವಿತ್ತು. ನಾನು ಎಲ್ಲರ ಮುಂದೆ ನಿಂತು, ದೇವರು ನನ್ನನ್ನು ನಡೆಸಿದ ಬಗೆಯನ್ನು ಸಾಕ್ಷಿಯಾಗಿ ಹೇಳಬೇಕೆಂದು ಸಭಾಪಾಲಕರು ಮೊದಲೇ ತಿಳಿಸಿದ್ದರು. ವಿಷಯ, ದುಡಿಮೆಯಲ್ಲಿ ನಂಬಿಗಸ್ತಿಕೆ. ಅಪ್ಪ ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಬೇಕು, ಮೂರು ಗಂಟೆಯ ಬಸ್ಸು ತಪ್ಪಬಾರದು. ನನ್ನ ತಲೆಯಲ್ಲಿ ಇಷ್ಟೇ ಇತ್ತು. ಬೆಳಿಗ್ಗೆ ಜಗಲಿಯ ಮೊಳೆಗಳ ಪಕ್ಕದಲ್ಲೇ ನಡೆದು ಹೋದೆ. ಸರಪಳಿ ಹಿಡಿದು ನೋಡಲಿಲ್ಲ.

ಹೊಲದಲ್ಲಿ ಬೋರೇಗೌಡರ ಆಚೆ ಬದಿಯ ಹಳೇ ಕಲ್ಲು ಗಟ್ಟಿಯಾಗಿತ್ತು. ದಾಖಲೆಯ ಪ್ರಕಾರ ಅಲ್ಲಿಂದ ಈಚೆಗೆ ಹನ್ನೆರಡು ಸರಪಳಿ. ಕೆಂಪಯ್ಯ ಎಳೆದ, ನಾನು ಎಣಿಸಿದೆ. ಹನ್ನೆರಡನೆಯದು ತೆಂಗಿನ ಸಾಲನ್ನೂ ದಾಟಿ ನಂಜಮ್ಮನ ತೋಟದೊಳಗೆ ಬಿತ್ತು.

ನಂಜಮ್ಮ ಓಡಿ ಬಂದರು. "ಇದೇನಪ್ಪಾ, ಮರ ನಂದು. ನಾನೂ ನನ್ ಯಜಮಾನ್ರೂ ಬದುವಿಂದ ಎರಡಡಿ ಒಳಿಕ್ಕೆ ಸಸಿ ಇಟ್ಟಿದ್ದು. ಸಾಲು ಅವ್ರ ಕಡೆ ಹೆಂಗೋಗ್ತದೆ?"

"ನೀವು ಅಂದಾಜಲ್ಲಿ ಇಟ್ಟಿದ್ದೀರಮ್ಮ. ಇದು ಅಳತೆ. ಸರಪಳಿ ಸುಳ್ಳು ಹೇಳಲ್ಲ" ಎಂದೆ.

"ಆ ಕಡೆಯಿಂದ್ಲೂ ಒಂದ್ಕಿತ ಅಳೀರಪ್ಪ."

ಪದ್ಧತಿ ಅದೇ. ಎರಡು ಕಡೆಯಿಂದಲೂ ಅಳೆದು ತಾಳೆ ನೋಡಬೇಕು. ನಾನು ಗಡಿಯಾರ ನೋಡಿಕೊಂಡೆ. ಎರಡೂವರೆ. "ಬೇಕಾಗಿಲ್ಲಮ್ಮ, ಸರಿಯಾಗೇ ಇದೆ" ಎಂದು ಕಲ್ಲು ನೆಡಿಸಿದೆ. ಸುತ್ತ ನಿಂತಿದ್ದ ಊರವರು ಪಂಚನಾಮೆಗೆ ಸಹಿ ಹಾಕಿದರು. ನಂಜಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಒತ್ತಲು ನಿರಾಕರಿಸಿದರು ಎಂದು ನಾನೇ ಬರೆದುಕೊಂಡೆ. ಬಸ್ಸು ಸಿಕ್ಕಿತು. ಸಂಜೆಯ ಸಾಕ್ಷಿ ಬಹಳ ಚೆನ್ನಾಗಿ ಆಯಿತು. ಅಪ್ಪ ಕಣ್ಣೊರೆಸಿಕೊಂಡ.

ಮೂರು ವಾರ ಅದೇ ಸರಪಳಿಯಲ್ಲಿ ಕೆಲಸ ಮಾಡಿದೆ. ಒಂದು ಸೋಮವಾರ ಬೆಳಿಗ್ಗೆ ಬೇಗ ಕಚೇರಿಗೆ ಬಂದವನು, ಸುಮ್ಮನೆ ಕೂರುವ ಬದಲು ಎಂದು, ಮೊಳೆಗೆ ಸರಪಳಿ ಹಿಡಿದೆ. ಈ ತುದಿಯ ಹಿಡಿ ಮೊಳೆಯ ಮೇಲೆ ಕೂತಿತು. ಆ ತುದಿಯದು ಮೊಳೆ ದಾಟಿ ಒಂದು ಅಂಗೈ ಅಗಲ ಮುಂದೆ ಹೋಗಿತ್ತು. ನಾಲ್ಕು ಇಂಚು. ಒಂದು ಸರಪಳಿಗೆ ನಾಲ್ಕು ಇಂಚು ಹೆಚ್ಚಾದರೆ ಹನ್ನೆರಡು ಸರಪಳಿಗೆ ನಾಲ್ಕು ಅಡಿ. ಏಳು ಮರಗಳೂ ಆ ನಾಲ್ಕು ಅಡಿಯೊಳಗೇ ಇದ್ದವು.

ಶ್ರೀಕಂಠಯ್ಯನವರಿಗೆ ಹೇಳಿದೆ. ಅವತ್ತು ಅವರು ಕೊಬ್ಬರಿಗೆ ಕೈ ಹಾಕಲಿಲ್ಲ.

"ಈ ಸರಪಳೀಲಿ ಒಟ್ಟು ಎಷ್ಟು ಕಡೆ ಅಳೆದಿದೀರಿ?"

"ಏಳು ಕಡೆ ಸಾರ್."

"ಏಳೂ ಕಡೆ ಹೋಗಿ ತಪ್ಪಾಯ್ತು ಅಂತೀರಾ? ನಾಳೆಯಿಂದ ಈ ತಾಲ್ಲೂಕಲ್ಲಿ ನೀವು ಮೊದಲು ನೆಟ್ಟ ಕಲ್ಲುಗಳನ್ನೂ ಯಾರೂ ನಂಬಲ್ಲ. ಪಂಚನಾಮೆ ಆಗಿದೆ. ಆಯಮ್ಮ ಬೇಕಾದ್ರೆ ಮೇಲ್ಮನವಿ ಹಾಕ್ಕೊಳ್ಳಲಿ. ಸರಪಳಿ ಬದಲಾಯ್ಸಿ, ಸುಮ್ನಿರಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಮನೆಗೆ ಬಂದು ನನ್ನ ಹೆಂಡತಿ ರೂತಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಸಾಹೇಬ್ರು ಏನಂದ್ರು ಅನ್ನೋದು ಬಿಡಿ. ಆ ಮರ ಏನಾಗ್ತವೆ?"

"ಗೌಡ್ರು ಗಾಡಿ ದಾರಿ ಅಗಲ ಮಾಡಿಸ್ತಾರಂತೆ. ಈ ಸಲ ಕಾಯಿ ಕೆಡವಿದ ಮೇಲೆ ಕಡಿಸ್ತಾರೆ."

"ಕಡಿಸಿದ ಮೇಲೆ ಹೋಗ್ತೀರಾ, ಮೊದ್ಲೇ ಹೋಗ್ತೀರಾ?"

ಅವಳು ಮೊರ ಕೊಡವಿ ಒಳಗೆ ಹೋದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನಗೆ ಉಪದೇಶ ಮಾಡಿದ್ದು ಬಹಳ ಕಡಿಮೆ. ಅವಳದು ಇಂಥ ಪ್ರಶ್ನೆಗಳೇ.

ಆ ರಾತ್ರಿ ನಾನು ಪ್ರಾರ್ಥನೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಬೇಡಿಕೊಂಡದ್ದು ನಂಜಮ್ಮನಿಗೋಸ್ಕರ ಅಲ್ಲ, ನನ್ನ ಹೆಸರಿಗೋಸ್ಕರ. ಅದು ನನಗೇ ಗೊತ್ತಾಗಿ ನಾಚಿಕೆಯಾಯಿತು. ಬೆಳಿಗ್ಗೆ ಎದ್ದು ಮೇಲಧಿಕಾರಿಗಳಿಗೆ ಒಂದು ಪುಟದ ವರದಿ ಬರೆದು ಕೊಟ್ಟೆ. ಮರುಅಳತೆಗೆ ಎರಡೂ ಕಡೆಯವರಿಗೆ ನೋಟಿಸು ಹೊರಡಿಸಿದೆ.

ಇಲಾಖೆ ಏನು ಮಾಡಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮೆಮೊ ಬಂತು, ಒಂದು ವರ್ಷದ ಇಂಕ್ರಿಮೆಂಟು ನಿಂತಿತು. ಏಳು ಜಾಗಗಳಲ್ಲಿ ಆರನ್ನು ಸರಿಪಡಿಸಿದೆ. ಏಳನೆಯದರಲ್ಲಿ ಅಷ್ಟರೊಳಗೆ ಗೋಡೆ ಎದ್ದಿತ್ತು, ಕಳಕೊಂಡವನು, "ಒಂದೂವರೆ ಅಡಿ ತಾನೆ, ಬುಡಿ" ಎಂದು ಬಿಟ್ಟುಕೊಟ್ಟ. ಅದು ಅವನ ದೊಡ್ಡತನ, ನನ್ನ ತಪ್ಪು ತಪ್ಪಾಗಿಯೇ ಉಳಿಯಿತು. ಶ್ರೀಕಂಠಯ್ಯನವರು ಆರು ತಿಂಗಳು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ತಮ್ಮ ನಿವೃತ್ತಿಯ ದಿನ ಮಾತ್ರ ಜೇಬಿನಿಂದ ಕೊಬ್ಬರಿ ತೆಗೆದು ಮುರಿದು ಅರ್ಧ ನನ್ನ ಕೈಗೆ ಕೊಟ್ಟರು. ಆಮೇಲೆ ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಬಂತು, ಈಗ ಉಪಗ್ರಹದ ನೆರವಿನಿಂದ ಅಳೆಯುವ ರೋವರ್, ಡ್ರೋನ್. ನಿಮ್ಮ ಕೈಯಲ್ಲಿರುವ ಯಂತ್ರ ಇಂಚಿನ ಭಾಗವನ್ನೂ ಹೇಳುತ್ತದೆ. ಬೆಳಿಗ್ಗೆ ಅದನ್ನು ಗೊತ್ತಿರುವ ಕಲ್ಲಿನ ಮೇಲಿಟ್ಟು ನೋಡದೆ ಹೊರಟರೆ ಅದೂ ನನ್ನ ಸರಪಳಿಯೇ. ನೋಡುವಾಗ ಎರಡು ಕಡೆಯವರನ್ನೂ ಕರೆದು ತೋರಿಸಿ.

ಇನ್ನು ಮರುಅಳತೆಯ ದಿನ.

ಊರೆಲ್ಲ ಬಂದಿತ್ತು. ಬೋರೇಗೌಡರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊಸ ಕಲ್ಲಿನ ಮೇಲೆಯೇ ಕುಳಿತಿದ್ದರು.

"ಏನ್ ಸಾಮಿ, ಕಲ್ಲೇನು ಹಸಾನಾ, ಇವತ್ ಇಲ್ ಕಟ್ಟಿ ನಾಳೆ ಅಲ್ ಕಟ್ಟಾಕೆ?"

ಜನ ನಕ್ಕರು. ನಾನು, "ತಪ್ಪು ನನ್ನದು ಗೌಡ್ರೇ. ಸರಪಳಿ ಉದ್ದ ಇತ್ತು. ನೋಡದೆ ಅಳೆದೆ" ಎಂದೆ.

"ಅವತ್ತು ಸರಿ ಅಂದ್ರಿ, ಇವತ್ತು ತಪ್ಪು ಅಂತೀರಿ. ಯಾವ್ದನ್ನ ನಂಬಾನ? ಹಂಗಾದ್ರೆ ಮಣ್ಣು ಹೊರಿ."

ಆ ಕಡೆಯ ಹಳ್ಳಿಗಳಲ್ಲಿ ಅದೊಂದು ಪದ್ಧತಿ. ತಕರಾರಿನ ಹೊಲದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲಿಟ್ಟುಕೊಂಡು ಗಡಿಯ ಉದ್ದಕ್ಕೂ ನಡೆದು ಪ್ರಮಾಣ ಮಾಡಬೇಕು. ಸುಳ್ಳಾಡಿದವನ ಮನೆ ಮಣ್ಣಾಗುತ್ತದೆ ಎಂದು ನಂಬಿಕೆ. ಯಾರೋ ಆಗಲೇ ಬುಟ್ಟಿ ತಂದಿಟ್ಟರು.

"ಗೌಡ್ರೇ, ಯಾವುದರ ಮೇಲೂ ಪ್ರಮಾಣ ಮಾಡಬಾರದು ಅಂತ ನನ್ನವ್ವ ಬೆಳೆಸಿದ್ದಾಳೆ. ನಮ್ಮ ಧರ್ಮದಲ್ಲಿ ಹಂಗೆ. ಮಣ್ಣು ಬೇಡ. ನೀವೇ ಇದರ ಒಂದು ತುದಿ ಹಿಡೀರಿ" ಎಂದು ಹಳೇ ಸರಪಳಿ ಕೊಟ್ಟೆ. ಪಕ್ಕದಲ್ಲಿ ಉಕ್ಕಿನ ಟೇಪು ಬಿಚ್ಚಿದೆ. ಗೌಡರು ಟವೆಲ್ ಕೆಳಗಿಟ್ಟು ಬಗ್ಗಿ ಹಿಡಿದರು. ಕೆಂಪಯ್ಯ ಎಳೆದ. ಮೂವತ್ತಮೂರು ಅಡಿಯ ಗೆರೆ ದಾಟಿ ಸರಪಳಿಯ ಹಿಡಿ ಮುಂದೆ ನಿಂತಿತು. ಗೌಡರು ತಮ್ಮ ತುದಿಯನ್ನು ನನ್ನ ಕೈಗೆ ಕೊಟ್ಟು ಅಲ್ಲಿಗೆ ಹೋಗಿ, ಆ ನಡುವೆ ತಮ್ಮ ಅಂಗೈ ಇಟ್ಟು ನೋಡಿದರು. ಸರಿಯಾಗಿ ಕೂತಿತು.

"ಹಿಂಗೆ ಹನ್ನೆರಡು" ಎಂದೆ.

ಅವರು ಎದ್ದು ಬಂದು ಟವೆಲ್ ಕೊಡವಿಕೊಂಡು, "ನಾನೇನು ಅವ್ಳ ಮರ ಕೇಳಿರ್ನಿಲ್ಲ ಸಾಮಿ. ನೀವು ಕೊಟ್ರಿ, ತಕಂಡೆ" ಎಂದರು.

ನಂಜಮ್ಮ ದೂರದಲ್ಲಿ ಮರಕ್ಕೆ ಒರಗಿ ನಿಂತಿದ್ದರು. ಹತ್ತಿರ ಹೋಗಿ, "ಗಡಿ ಎಲ್ಲಿತ್ತು ಅಂತ ಮೊದಲು ನೀವು ತೋರ್ಸಿ. ಆಮೇಲೆ ಅಳೀತೀನಿ" ಎಂದೆ.

"ಈಗ್ಯಾಕೆ ನನ್ ಕೇಳ್ತೀಯ? ನಿನ್ ಸರಪಳಿ ಐತಲ್ಲ" ಎಂದರು. ಬಹುವಚನ ಹೋಗಿತ್ತು. ಹೋಗಬೇಕಾದ್ದೇ.

"ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ."

ಅವರು ಸೆರಗು ಸಿಕ್ಕಿಸಿಕೊಂಡು ಮರಗಳ ಸಾಲಿನಿಂದ ಆಚೆಗೆ ಹೆಜ್ಜೆ ಇಟ್ಟು, ಒಂದು ಕಡೆ ನಿಂತು ಹಿಮ್ಮಡಿ ಊರಿದರು. ಹೊಸ ಸರಪಳಿಯಲ್ಲಿ ಗೌಡರ ಕಡೆಯಿಂದ ಹನ್ನೆರಡು ಎಣಿಸಿಕೊಂಡು ಬಂದೆವು, ಆಮೇಲೆ ನಂಜಮ್ಮನ ಕಡೆಯಿಂದಲೂ ಅಳೆದೆವು. ಎರಡೂ ಒಂದೇ ಗೂಟದಲ್ಲಿ ಸೇರಿದವು. ಗೂಟಕ್ಕೂ ಅವರ ಹಿಮ್ಮಡಿಗೂ ನಡುವೆ ಒಂದು ಗೇಣು. ಆ ಗೇಣು ಗೌಡರದು. ನಂಜಮ್ಮ ಬಗ್ಗಿ ನೋಡಿ, "ಅದು ಅವನ್ದೇ ಬುಡು, ನನ್ ಕಾಲು ಜರುಗೈತೆ" ಎಂದು ಹಿಂದಕ್ಕೆ ಸರಿದರು. ಏಳು ಮರಗಳೂ ಅವರ ಬೆನ್ನ ಹಿಂದೆ ನಿಂತವು.

ಕಲ್ಲು ನೆಟ್ಟಾಯಿತು. ಈ ಸಲ ನಂಜಮ್ಮ ಹೆಬ್ಬೆಟ್ಟು ಒತ್ತಿದರು. ಜನ ಚದುರತೊಡಗಿದರು. ನಾನು ಕ್ಷಮೆ ಕೇಳಿದೆ. ಅವರು ಬೆರಳಿನ ಮಸಿಯನ್ನು ಮರದ ಬೊಡ್ಡೆಗೆ ಒರೆಸುತ್ತ ಹೇಳಿದರು:

"ಮರ ಸಿಕ್ತು. ಸರಿ. ಆದ್ರೆ ಅವತ್ತಿಂದ ಊರೋರು ನನ್ನ ಏನಂದವ್ರೆ ಗೊತ್ತಾ? ಈಯಪ್ಪ ಒಂದು ಲೋಟ ಕಾಪಿ ಮುಟ್ಟೋನಲ್ಲ, ಇಂಥೋನು ತಪ್ಪು ಅಳೀತಾನಾ, ನೀನೇ ಸುಳ್ಳಿ ಅಂದ್ರು. ಸತ್ತೋದ ಗಂಡನ್ ಹೆಸರು ಹೇಳ್ಕಂಡು ಇನ್ನೊಬ್ರ ಜಮೀನು ಹೊಡ್ಯಾಕೆ ನೋಡ್ತಾಳೆ ಅಂದ್ರು. ನೀನು ಕಾಸು ತಿನ್ನೋನಾಗಿದ್ರೆ ನನ್ ಮಾತನ್ನ ಒಬ್ರಾದ್ರೂ ನಂಬೋರು ಕಣಪ್ಪ."

ನನ್ನ ಡಬ್ಬಿ, ನನ್ನ ಸೀಸೆ, ನಾನು ಕುಡಿಯದೆ ಬಿಟ್ಟ ಕಾಫಿ, ಎಲ್ಲ ಸೇರಿ ಈ ಹೆಂಗಸಿನ ಬಾಯಿ ಮುಚ್ಚಿಸಿದ್ದವು. ಕೈ ಶುದ್ಧವಾಗಿದ್ದರೆ ಸಾಕು ಎಂದುಕೊಂಡಿದ್ದೆ, ಸಾಲದು. ಮಕ್ಕಳೇ, ನಾನು ನಿಮಗೆ ಬಿಟ್ಟು ಹೋಗುವುದೇನಾದರೂ ಇದ್ದರೆ ಅದು ಅವತ್ತು ಆ ತೋಟದಲ್ಲಿ ತಿಳಿದ ಈ ಮಾತಷ್ಟೇ.

"ನಾನು ಈಗ ಏನು ಮಾಡಬೇಕು ಹೇಳಿ" ಎಂದೆ.

"ಬಾ" ಎಂದು ನಡೆದರು.

ಅವರು ಮುಂದೆ, ಹಳೇ ಸರಪಳಿ ಹೆಗಲಿಗೆ ಹಾಕಿಕೊಂಡು ನಾನು ಹಿಂದೆ, ನನ್ನ ಹಿಂದೆ ಕೆಂಪಯ್ಯ. ಊರಿನ ಮೊದಲ ಮನೆಯ ಮುಂದೆ ನಿಂತು ಅವರು ಒಳಗಿನವರನ್ನು ಕರೆದರು. ನಾನು, "ನಂಜಮ್ಮನವರು ಹೇಳಿದ್ದೇ ಸರಿ. ನಾನು ತಪ್ಪು ಅಳೆದಿದ್ದೆ" ಎಂದೆ. ಎರಡನೇ ಮನೆ. ಮೂರನೇ ಮನೆ. ಕೆಲವರು ನಕ್ಕರು, ಒಬ್ಬರು ಬಾಗಿಲಲ್ಲೇ ತಲೆ ತಗ್ಗಿಸಿದರು, ಒಂದು ಮನೆಯಲ್ಲಿ ನಂಜಮ್ಮನನ್ನು ಒಳಗೆ ಕರೆದು ಕೂರಿಸಿ ಎಲೆಅಡಿಕೆ ಕೊಟ್ಟರು, ನಾವು ಹೊರಗೆ ಕಾದೆವು. ಹೀಗೆ ಒಂದು ಬೀದಿ ಮುಗಿದು ಇನ್ನೊಂದು ಬೀದಿ. ಕೊನೆಯ ಮನೆಯ ಜಗಲಿಯಲ್ಲಿ ಒಬ್ಬಳು ಮುದುಕಿ ಕಾಲು ಚಾಚಿ ಕುಳಿತಿದ್ದಳು. ನಾನು ಹೇಳಿದೆ. ಅವಳು ಕಿವಿಗೆ ಕೈ ಅಡ್ಡ ಹಿಡಿದು, "ಏನಂತೆ?" ಎಂದಳು.

"ಅವ್ಳಿಗೆ ಕಿವಿ ಮಂದ. ಮೊದ್ಲು ಸುಳ್ಳಿ ಅಂದೋಳೇ ಇವ್ಳು" ಎಂದರು ನಂಜಮ್ಮ. "ಇನ್ನೊಂದ್ಕಿತ ಹೇಳು. ಜೋರಾಗೇಳು."

ನಾನು ಜೋರಾಗಿ ಹೇಳಿದೆ.